ಹೋರಿ ತುಟಿ ಎತ್ತುವುದೇಕೆ?

ಹಸು ಗಂಜಲ ಹೊಯ್ದ ಜಾಗಕ್ಕೆ ಹೋರಿ ಮೂತಿ ಇಡುತ್ತದೆ. ಒಮ್ಮೆ ನೆಕ್ಕುತ್ತದೆ. ಆಮೇಲೆ ಕತ್ತು ಚಾಚಿ, ತಲೆ ಮೇಲೆತ್ತಿ, ಮೇಲ್ತುಟಿಯನ್ನು ಒಸಡು ಕಾಣುವಷ್ಟು ಮಡಚಿ ನಿಂತುಬಿಡುತ್ತದೆ. ಕೆಲವು ಸೆಕೆಂಡು ಅಲುಗಾಟವೇ ಇಲ್ಲ. ದನ ಕಾಯ್ದವರೆಲ್ಲ ಇದನ್ನು ಕಂಡವರೇ. ಹೋತ, ಟಗರು, ಕೋಣ, ಕುದುರೆ ಎಲ್ಲವೂ ಹೀಗೆ ಮಾಡುತ್ತವೆ. ಬೆಕ್ಕು ಕೂಡ ಯಾವುದೋ ಮೂಲೆ ಮೂಸಿ, ಬಾಯಿ ಅರೆ ತೆರೆದು, ಮುಖ ಸಿಂಡರಿಸಿ ನಿಲ್ಲುವುದುಂಟು. ಮಕ್ಕಳು ಹೋರಿ ನಗುತ್ತಿದೆ ಎನ್ನುತ್ತಾರೆ. ದೊಡ್ಡವರು ವಾಸನೆಗೆ ಹೇಸಿಕೊಂಡಿತು ಎನ್ನುತ್ತಾರೆ. ಹೋರಿಯ ಮಟ್ಟಿಗೆ ಅದು ಬಹಳ ಗಂಭೀರವಾದ ತಪಾಸಣೆ. ಈ ಹಸು ಬೆದೆಗೆ ಬಂದಿದೆಯೇ, ಬರಲಿದೆಯೇ, ಇನ್ನೂ ದಿನವಿದೆಯೇ ಎಂಬುದನ್ನು ಅದು ಗಂಜಲದಿಂದಲೇ ತಿಳಿದುಕೊಳ್ಳುತ್ತಿರುತ್ತದೆ.

ಆ ತಪಾಸಣೆ ನಡೆಯುವುದು ನಮಗೆ ಗೊತ್ತಿರುವ ಮೂಗಿನಲ್ಲಷ್ಟೇ ಅಲ್ಲ. ದನಗಳ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿರುವುದಿಲ್ಲ. ಗಟ್ಟಿ ಚರ್ಮದ ದಿಂಡು ಇರುತ್ತದೆ. ಅದರ ಹಿಂದೆಯೇ, ಅಂಗುಳಿನಲ್ಲಿ ಎರಡು ಪುಟ್ಟ ಕಂಡಿಗಳಿವೆ. ಅಲ್ಲಿಂದ ಮೇಲೆ ಏರುವ ನಾಳಗಳು ಮೂಗಿನ ನಡುಗೋಡೆಯ ಬುಡದಲ್ಲಿ ಉದ್ದಕ್ಕೆ ಮಲಗಿರುವ ಒಂದು ಜೋಡಿ ಕೊಳವೆಗಳನ್ನು ತಲುಪುತ್ತವೆ. ಕೊಳವೆಯ ಸುತ್ತ ಮೃದ್ವಸ್ಥಿಯ ಕವಚ, ಒಳಗೆ ದ್ರವ, ಒಂದು ಬದಿಗೆ ವಾಸನೆ ಹಿಡಿಯುವ ನರಕೋಶಗಳ ಸಾಲು, ಇನ್ನೊಂದು ಬದಿಗೆ ದಪ್ಪ ರಕ್ತನಾಳ. ರಕ್ತನಾಳ ಕುಗ್ಗಿದರೆ ಕೊಳವೆಯೊಳಗೆ ಜಾಗವಾಗಿ ದ್ರವ ಒಳಕ್ಕೆ ಸೆಳೆಯಲ್ಪಡುತ್ತದೆ, ಉಬ್ಬಿದರೆ ಹೊರಕ್ಕೆ ತಳ್ಳಲ್ಪಡುತ್ತದೆ. ಅದೊಂದು ಸಣ್ಣ ಪಂಪು. ತುಟಿ ಮಡಚಿ ತಲೆ ಎತ್ತುವ ಭಂಗಿ ನೆಕ್ಕಿದ ಗಂಜಲದ ಅಂಶವನ್ನು ಈ ಪಂಪಿನ ಬಾಯಿಗೆ ತಲುಪಿಸಲು ನೆರವಾಗುತ್ತದೆ. ಲೈಪ್‌ಜಿಗ್ ಮೃಗಾಲಯದ ಕಾರ್ಲ್ ಮ್ಯಾಕ್ಸ್ ಶ್ನೈಡರ್ 1930ರಲ್ಲಿ ಈ ಭಂಗಿಗೆ ‘ಫ್ಲೆಹ್ಮೆನ್’ ಎಂದು ಹೆಸರಿಟ್ಟರು. ಕುದುರೆಗೆ ಬಾಯಿಯ ಕಡೆಯ ದಾರಿ ಮುಚ್ಚಿದೆ. ಅದರ ಕೊಳವೆ ಮೂಗಿನೊಳಕ್ಕೆ ಮಾತ್ರ ತೆರೆದುಕೊಳ್ಳುತ್ತದೆ. ಆದರೂ ತುಟಿ ಎತ್ತುವುದರಲ್ಲಿ ಕುದುರೆಯೇ ಮುಂದು.

ಮೂಗಿನ ನಡುಗೋಡೆಗೆ ಆಧಾರವಾದ ‘ವೋಮರ್’ ಎಂಬ ಮೂಳೆಯ ಪಕ್ಕದಲ್ಲಿರುವುದರಿಂದ ಇದು ವೋಮೆರೋನೇಸಲ್ ಅಂಗ. 1703ರಲ್ಲೇ ಡಚ್ ಅಂಗರಚನಾ ತಜ್ಞ ಫ್ರೆಡೆರಿಕ್ ರಾಯ್ಶ್ ಮನುಷ್ಯನ ಮೂಗಿನಲ್ಲಿ ಇಂಥದೊಂದು ಕುಳಿಯನ್ನು ಗುರುತಿಸಿದ್ದ. ಆದರೆ ಪ್ರಾಣಿಗಳಲ್ಲಿ ಇದನ್ನು ಕೂಲಂಕಷವಾಗಿ ಬಿಡಿಸಿ ನೋಡಿ, 1813ರಲ್ಲಿ ವಿವರವಾಗಿ ಬರೆದವನು ಡೆನ್ಮಾರ್ಕಿನ ಶಸ್ತ್ರವೈದ್ಯ ಲುಡ್ವಿಗ್ ಲೆವಿನ್ ಜೇಕಬ್ಸನ್. ಹಾಗಾಗಿ ಜೇಕಬ್ಸನ್ ಅಂಗ ಎಂಬ ಹೆಸರೂ ಬಳಕೆಯಲ್ಲಿದೆ.

ಮಲ್ಲಿಗೆಯ ಪರಿಮಳ ನಮಗೆ ತಿಳಿಯಬೇಕಾದರೆ ಹೂವಿನಿಂದ ಹೊರಟ ಅಣುಗಳು ಗಾಳಿಯಲ್ಲಿ ತೇಲಿ ಮೂಗಿನ ಮೇಲ್ಛಾವಣಿಯವರೆಗೆ ಬರಬೇಕು. ಹಾರಲಾರದ ಭಾರದ ಅಣುಗಳು, ಉದಾಹರಣೆಗೆ ಮೂತ್ರದಲ್ಲಿರುವ ಪ್ರೋಟೀನುಗಳು, ಆ ದಾರಿಯಲ್ಲಿ ಬರಲಾರವು. ಅವನ್ನು ಮುಟ್ಟಿ, ನೆಕ್ಕಿ, ಒದ್ದೆಯಾಗಿಯೇ ಒಳಗೆ ತೆಗೆದುಕೊಳ್ಳಬೇಕು. ಜೇಕಬ್ಸನ್ ಅಂಗ ಮಾಡುವುದು ಆ ಕೆಲಸ. ಮಿದುಳಿನಲ್ಲಿ ಇದರ ನರಗಳ ದಾರಿಯೂ ಬೇರೆ. ಮಾಮೂಲಿ ವಾಸನೆಯ ಸುದ್ದಿ ಮಿದುಳಿನ ತೊಗಟೆಯವರೆಗೆ ಹೋಗಿ, ಇದು ಏನು, ಎಲ್ಲಿ ಮೂಸಿದ್ದು ಎಂಬ ನೆನಪುಗಳನ್ನು ಎಬ್ಬಿಸುತ್ತದೆ. ಜೇಕಬ್ಸನ್ ಅಂಗದ ಸುದ್ದಿ ಹೆಚ್ಚಾಗಿ ಅಮಿಗ್ಡಲಾ ಎಂಬ ಭಾಗದ ಮೂಲಕ ನೇರವಾಗಿ ಹೈಪೋಥಲಾಮಸ್‌ಗೆ, ಅಂದರೆ ಹಸಿವು, ಭಯ, ಕಾಮ, ಹಾರ್ಮೋನುಗಳ ಕೇಂದ್ರಕ್ಕೆ ತಲುಪುತ್ತದೆ. ಸುದ್ದಿ ಬಂದ ಕೂಡಲೇ ದೇಹವೇ ಸಿದ್ಧವಾಗುತ್ತದೆ.

ಈ ಅಂಗ ಅತ್ಯಂತ ಚುರುಕಾಗಿರುವುದು ಹಾವು ಮತ್ತು ಉಡಗಳಲ್ಲಿ. ಹಾವಿನ ನಾಲಿಗೆ ಎರಡಾಗಿ ಸೀಳಿದ್ದು ಏಕೆ ಎಂಬುದಕ್ಕೆ ನಮ್ಮ ಮಹಾಭಾರತದ ಆದಿಪರ್ವದಲ್ಲಿ ಒಂದು ಕಥೆ ಇದೆ. ಗರುಡ ತಂದ ಅಮೃತದ ಕಲಶವನ್ನು ದರ್ಭೆಯ ಮೇಲೆ ಇಟ್ಟ, ನಾಗಗಳು ಸ್ನಾನಕ್ಕೆ ಹೋದಾಗ ಇಂದ್ರ ಅದನ್ನು ಒಯ್ದ, ಮರಳಿ ಬಂದ ನಾಗಗಳು ಆಸೆಯಿಂದ ದರ್ಭೆಯನ್ನೇ ನೆಕ್ಕಿ ನಾಲಿಗೆ ಸೀಳಿಕೊಂಡವು. ಇದೇ ಪ್ರಶ್ನೆ ಗ್ರೀಸಿನ ಅರಿಸ್ಟಾಟಲ್‌ನನ್ನೂ ಕಾಡಿತ್ತು. ರುಚಿಯ ಸುಖ ಇಮ್ಮಡಿಯಾಗಲಿ ಎಂದು ಹಾವಿಗೆ ಎರಡು ತುದಿಯ ನಾಲಿಗೆ ಎಂದು ಅವನು ಭಾವಿಸಿದ. ಎರಡು ಕಡೆಯವರೂ ನಾಲಿಗೆಯನ್ನು ಗಮನಿಸಿ ನೋಡಿದ್ದರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಈಗಿನ ಜನ ಹಾವು ನಾಲಿಗೆ ಚಾಚಿದರೆ ಕಚ್ಚಲು ಬಂತು ಎಂದು ಹೆದರಿ ಕೋಲು ಹುಡುಕುತ್ತಾರೆ. ನಾಲಿಗೆಯಲ್ಲಿ ವಿಷವೂ ಇಲ್ಲ, ಮುಳ್ಳೂ ಇಲ್ಲ. ಅದು ವಾಸನೆ ಸಂಗ್ರಹಿಸುವ ಸಾಧನ.

ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಕರ್ಟ್ ಶ್ವೆಂಕ್ 1994ರಲ್ಲಿ ಈ ಸೀಳಿಗೆ ಒಪ್ಪಬಹುದಾದ ಕಾರಣ ಕೊಟ್ಟರು. ನೆಲದ ಮೇಲೆ ಇಲಿಯೋ ಹೆಣ್ಣು ಹಾವೋ ಹಾದುಹೋದ ವಾಸನೆಯ ಜಾಡು ಇದೆ ಎಂದುಕೊಳ್ಳಿ. ಹಾವು ನಾಲಿಗೆಯ ಎರಡು ತುದಿಗಳನ್ನು ದೂರ ದೂರ ಹರಡಿ ನೆಲ ಮುಟ್ಟಿಸುತ್ತದೆ. ಎರಡು ತುದಿಗೂ ವಾಸನೆ ಸಿಕ್ಕರೆ ನೇರ ಮುಂದಕ್ಕೆ; ಎಡ ತುದಿಗೆ ಮಾತ್ರ ಸಿಕ್ಕರೆ ಜಾಡು ಎಡಕ್ಕೆ ಹೊರಳಿದೆ ಎಂದರ್ಥ. ಎರಡು ಕಿವಿಗೆ ಬಿದ್ದ ಸದ್ದಿನ ವ್ಯತ್ಯಾಸದಿಂದ ಕರೆದವರು ಯಾವ ದಿಕ್ಕಿನಲ್ಲಿದ್ದಾರೆಂದು ನಾವು ಹೇಳುವಂತೆ, ಹಾವು ಎರಡು ತುದಿಗಳ ವ್ಯತ್ಯಾಸದಿಂದ ದಾರಿ ಹಿಡಿಯುತ್ತದೆ. ನಾಲಿಗೆ ಒಳಗೆ ಬಂದಾಗ ಅದರ ತುದಿಗಳು ಅಂಗುಳಿನ ಕಂಡಿಗಳೊಳಗೆ ನೇರವಾಗಿ ತೂರುತ್ತವೆ ಎಂದು ಬಹುಕಾಲ ಪಾಠಪುಸ್ತಕಗಳೂ ಹೇಳುತ್ತಿದ್ದವು. ಎಕ್ಸ್‌–ರೇ ಚಿತ್ರೀಕರಣ ಮಾಡಿ ನೋಡಿದಾಗ ಹಾಗೆ ಕಾಣಲಿಲ್ಲ. ನಾಲಿಗೆ ತನ್ನ ಒರೆಯೊಳಕ್ಕೆ ಸರಿಯುತ್ತದೆ. ಬಾಯಿಯ ತಳದಲ್ಲಿರುವ ಎರಡು ಮೆತ್ತನೆಯ ದಿಂಡುಗಳು ಅದರಿಂದ ವಾಸನೆಯ ಅಂಶವನ್ನು ಒರೆಸಿಕೊಂಡು ಮೇಲಿನ ಕಂಡಿಗಳಿಗೆ ಒತ್ತುತ್ತವೆ ಎಂಬ ವಿವರಣೆಗೆ ಈಗ ಹೆಚ್ಚು ಬೆಂಬಲವಿದೆ.

ಮಂಡಲ ಜಾತಿಯ ಹಾವುಗಳ ಬೇಟೆ ಈ ಅಂಗವಿಲ್ಲದೆ ನಡೆಯುವುದೇ ಇಲ್ಲ ಎನ್ನಬಹುದು. ಅವು ಇಲಿಯನ್ನು ಕಚ್ಚಿ ವಿಷ ಬಿಟ್ಟು ಕೂಡಲೇ ಬಿಟ್ಟುಬಿಡುತ್ತವೆ. ಹಿಡಿದುಕೊಂಡರೆ ಇಲಿ ತಿರುಗಿ ಕಚ್ಚೀತು. ಇಲಿ ಓಡಿ ಎಲ್ಲೋ ಪೊದೆಯಲ್ಲಿ ಸಾಯುತ್ತದೆ. ಆಮೇಲೆ ಹಾವು ನಾಲಿಗೆ ಆಡಿಸುತ್ತ ಹುಡುಕಿ ಹೊರಡುತ್ತದೆ. ಇದೇ ಗುಂಪಿನ, ಅಮೆರಿಕದ ಬುಡುಬುಡಿಕೆ ಹಾವುಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಅವು ತಮ್ಮ ವಿಷ ಸೇರಿದ ಇಲಿಯನ್ನು ಬೇರೆ ಸತ್ತ ಇಲಿಗಳ ನಡುವಿನಿಂದ ಆರಿಸಿದವು. ವಿಷದಲ್ಲಿರುವ, ಇಲಿಯನ್ನು ಕೊಲ್ಲುವುದಕ್ಕೆ ಬೇಕೇ ಆಗಿರದ ಡಿಸ್‌ಇಂಟಿಗ್ರಿನ್ ಎಂಬ ಪ್ರೋಟೀನು ಈ ಗುರುತಿಗೆ ಕಾರಣ ಎಂದು 2013ರಲ್ಲಿ ತಿಳಿಯಿತು. ಕೊಲ್ಲುವ ವಿಷದಲ್ಲೇ ಹುಡುಕಿ ತೆಗೆಯುವ ಗುರುತನ್ನೂ ಬೆರೆಸಿಟ್ಟ ಈ ಏರ್ಪಾಡಿಗೆ ನಾನು ಬೆರಗಾಗಿದ್ದೇನೆ. ನಮ್ಮ ಮಲೆನಾಡಿನ ಕಾಳಿಂಗ ಸರ್ಪ, 2024ರಲ್ಲಿ ಪಶ್ಚಿಮಘಟ್ಟದ್ದೇ ಪ್ರತ್ಯೇಕ ಪ್ರಭೇದವೆಂದು ವಿಜ್ಞಾನಿಗಳಿಂದ ‘ಕಾಳಿಂಗ’ ಎಂಬ ಹೆಸರನ್ನೇ ಪಡೆದ ಹಾವು, ಆಹಾರವಾಗಿ ಬೇರೆ ಹಾವುಗಳನ್ನು ಹುಡುಕುವುದೂ, ಬೇಸಿಗೆಯ ಆರಂಭದಲ್ಲಿ ಗಂಡುಗಳು ಹೆಣ್ಣಿನ ಜಾಡು ಹಿಡಿದು ಬರುವುದೂ ಇದೇ ನಾಲಿಗೆಯ ನೆರವಿನಿಂದ. ಹಳ್ಳಿಯ ಮನೆಯಂಗಳಕ್ಕೆ ಆ ದಿನಗಳಲ್ಲಿ ಕಾಳಿಂಗ ಬಂದರೆ ಅದು ಮನುಷ್ಯರನ್ನು ಅರಸಿ ಬಂದದ್ದಲ್ಲ.

ಆನೆಯ ಕಥೆ ಇನ್ನೂ ಸೊಗಸು. ಗಂಡಾನೆ ಹೆಣ್ಣಾನೆಯ ಮೂತ್ರಕ್ಕೆ ಸೊಂಡಿಲ ತುದಿ ತಾಗಿಸಿ, ಸೊಂಡಿಲನ್ನು ಬಾಯೊಳಗೆ ಮಡಚಿ, ಅಂಗುಳಿನ ಮೇಲಿರುವ ಎರಡು ಕಂಡಿಗಳಿಗೆ ಒತ್ತುತ್ತದೆ. ದೂರದಿಂದ ನೋಡುವವರಿಗೆ ಏನೋ ತಿನ್ನುತ್ತಿದೆ ಎಂದೇ ಕಾಣುತ್ತದೆ. ಆ ಮೂತ್ರದಲ್ಲಿ ಅದು ಹುಡುಕುವುದೇನು ಎಂಬ ಪ್ರಶ್ನೆಗೆ ಅಮೆರಿಕದ ಒರೆಗಾನಿನ ಜೀವರಸಾಯನ ವಿಜ್ಞಾನಿ ಬೆಟ್ಸ್ ರಾಸ್ಮುಸೆನ್ ವರ್ಷಗಟ್ಟಲೆ ಏಷ್ಯಾದ ಆನೆಗಳ ಮೂತ್ರ ಸಂಗ್ರಹಿಸಿ ಉತ್ತರ ಹುಡುಕಿದರು. 1996ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಎಲ್ಲರನ್ನೂ ಅಚ್ಚರಿಗೊಳಿಸಿತು. ಬೆದೆಗೆ ಬರುತ್ತಿರುವ ಹೆಣ್ಣಾನೆಯ ಮೂತ್ರದಲ್ಲಿ ಏರುತ್ತ ಹೋಗುವ ಡೋಡೆಸೆನೈಲ್ ಅಸಿಟೇಟ್ ಎಂಬ ರಾಸಾಯನಿಕವನ್ನು ನೂರಕ್ಕೂ ಹೆಚ್ಚು ಜಾತಿಯ ಪತಂಗಗಳು ಗಂಡನ್ನು ಕರೆಯಲು ಈಗಾಗಲೇ ಬಳಸುತ್ತಿವೆ. ಹೊಲದಲ್ಲಿ ಹಾರುವ ಪತಂಗಕ್ಕೂ ಕಾಡಿನ ಆನೆಗೂ ಒಂದೇ ಪ್ರೇಮಪತ್ರ! ಪತಂಗ ಅದನ್ನು ಬೇರೆ ಕೆಲವು ರಾಸಾಯನಿಕಗಳ ಜೊತೆ ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿ ಬಿಡುವುದರಿಂದ ಗೊಂದಲವಾಗುವುದಿಲ್ಲ.

ಹೆಣ್ಣಾನೆಗೆ ಇಂಥ ಸಂದೇಶ ಏಕೆ ಬೇಕು? ವಯಸ್ಕ ಗಂಡಾನೆಗಳು ಹಿಂಡಿನೊಂದಿಗೆ ಇರುವುದಿಲ್ಲ. ಹೆಣ್ಣಾನೆಯ ಋತುಚಕ್ರ ಸುಮಾರು ನಾಲ್ಕು ತಿಂಗಳದ್ದು, ಅದರಲ್ಲಿ ಗರ್ಭ ನಿಲ್ಲಬಹುದಾದ ದಿನಗಳು ಬೆರಳೆಣಿಕೆಯಷ್ಟು. ಒಮ್ಮೆ ಗರ್ಭ ಕಟ್ಟಿದರೆ ನಾಲ್ಕೈದು ವರ್ಷ ಮತ್ತೆ ಆ ಸರದಿ ಇಲ್ಲ. ವಿಶಾಲ ಕಾಡಿನಲ್ಲಿ ಆ ಕೆಲವು ದಿನಗಳನ್ನು ಗಂಡಾನೆ ತಪ್ಪಿಸಿಕೊಳ್ಳಬಾರದು ಎಂದರೆ ಬಹಳ ಮುಂಚಿನಿಂದಲೇ ಸೂಚನೆ ಏರುತ್ತಿರಬೇಕು.

ಗಂಡಾನೆಯೂ ತನ್ನ ಕಡೆಯಿಂದ ವಾಸನೆ ಬರೆಯುತ್ತದೆ. ಮದ ಬಂದಾಗ ಕಪೋಲದ ಗ್ರಂಥಿಯಿಂದ ಸುರಿಯುವ ಮದಜಲವನ್ನು ರಾಸ್ಮುಸೆನ್, ತಮಿಳುನಾಡಿನ ಹಿರಿಯ ಆನೆವೈದ್ಯ ವಿ. ಕೃಷ್ಣಮೂರ್ತಿ ಮತ್ತಿತರರು ಸೇರಿ ಪರೀಕ್ಷಿಸಿದರು. ಹದಿಹರೆಯದ ಆನೆಯ ಮೊದಮೊದಲ ಮದಜಲ ಜೇನಿನಂತೆ ಸಿಹಿ ಪರಿಮಳದ್ದು. ಪ್ರಾಯದ ಆನೆಯದು ಮೂಗು ಮುಚ್ಚಿಸುವಂಥದು. ಪ್ರಾಯದ ಆನೆಯ ಮದಜಲದಲ್ಲಿ ಫ್ರಂಟಾಲಿನ್ ಎಂಬ ವಸ್ತು ಹೆಚ್ಚುತ್ತದೆ. 2002ರಲ್ಲಿ ಪ್ರಕಟವಾದ ಈ ಸಂಶೋಧನೆಯನ್ನು ಓದಿದಾಗ, ಆನೆಯ ಮದಜಲಕ್ಕೆ ದುಂಬಿಗಳು ಮುತ್ತುತ್ತಿದ್ದವೆಂದು ನಮ್ಮ ಹಳೆಯ ಕವಿಗಳು ಮತ್ತೆ ಮತ್ತೆ ಬಣ್ಣಿಸಿದ್ದು ಬರಿಯ ಕವಿಸಮಯ ಅಲ್ಲದೆಯೂ ಇರಬಹುದು ಎಂದು ನನಗೆ ಅನ್ನಿಸಿತು. ಎಳೆಯ ಗಂಡು ಸಿಹಿ ವಾಸನೆಯಿಂದ ‘ನಾನು ನಿನಗೆ ಎದುರಾಳಿಯಲ್ಲ’ ಎಂದು ದೊಡ್ಡ ಸಲಗಕ್ಕೆ ತಿಳಿಸಿ ತಿವಿತದಿಂದ ಪಾರಾಗುತ್ತದೆ ಎಂಬುದು ಆ ಸಂಶೋಧಕರ ಊಹೆ. ದೇಶದಲ್ಲಿ ಅತಿ ಹೆಚ್ಚು ಕಾಡಾನೆಗಳಿರುವ ರಾಜ್ಯದವರು ನಾವು. ಆನೆಗಳು ಯಾವ ದಾರಿಯಲ್ಲಿ ಏಕೆ ನಡೆಯುತ್ತವೆ ಎಂಬ ಚರ್ಚೆಯಲ್ಲಿ ಕಂದಕ, ಬೇಲಿಗಳ ಲೆಕ್ಕದ ಜೊತೆಗೆ ಅವುಗಳ ವಾಸನೆಯ ಲೋಕಕ್ಕೂ ಜಾಗವಿರಬೇಕು.

ಮತ್ತೆ ಕೊಟ್ಟಿಗೆಗೆ ಬರೋಣ. ಕೃತಕ ಗರ್ಭಧಾರಣೆ ಬಂದ ಮೇಲೆ ಬೀಜದ ಹೋರಿ ಹೆಚ್ಚಿನ ಊರುಗಳಿಂದ ಕಾಣೆಯಾಯಿತು. ಜೊತೆಗೇ ಬೆದೆ ಗುರುತಿಸುವ ತಜ್ಞನೂ ಹೋದ. ಹಸುವಿನ ಚಕ್ರ 21 ದಿನಗಳದ್ದು, ಬೆದೆ ನಿಲ್ಲುವುದು ಹೆಚ್ಚೆಂದರೆ ಒಂದು ದಿನ. ಹಸು ಕೂಗುವುದು, ಲೋಳೆ ಸುರಿಸುವುದು, ಬೇರೆ ದನಗಳ ಮೇಲೆ ಹತ್ತುವುದು ಇವನ್ನೆಲ್ಲ ಮನೆಯವರೇ ನೋಡಿ ಪಶುವೈದ್ಯರನ್ನು ಕರೆಯಬೇಕು. ಬೆಳಿಗ್ಗೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆಗೆ ಗರ್ಭಧಾರಣೆ ಮಾಡಿಸುವುದು ವಾಡಿಕೆ. ಎಮ್ಮೆಗಳಂತೂ ಮೂಕ ಬೆದೆಗೆ ಹೆಸರಾದವು. ಹೊರಗೆ ಏನೂ ತೋರಿಸದೆ ದಿನ ಕಳೆದುಬಿಡುತ್ತವೆ. ಒಂದು ಬೆದೆ ತಪ್ಪಿತೆಂದರೆ ಮೂರು ವಾರದ ಮೇವು ದಂಡ. ಹೋರಿ ಒಂದು ನೆಕ್ಕಿನಲ್ಲಿ ತಿಳಿಯುತ್ತಿದ್ದುದನ್ನು ರೈತ ಕುಟುಂಬ, ಅದರಲ್ಲೂ ಕೊಟ್ಟಿಗೆ ನೋಡಿಕೊಳ್ಳುವ ಹೆಂಗಸರು, ಕಣ್ಣಿನಿಂದಲೇ ಹಿಡಿಯಬೇಕಾಗಿದೆ. ಈ ಅರಿವಿಗೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ.

ವಾಸನೆಯ ಕೆಲಸ ಗಂಡಿನಿಂದ ಹೆಣ್ಣಿಗೂ ಉಂಟು. ಹಿಂಡಿಗೆ ಹೊಸ ಹೋತ ಬಿಟ್ಟರೆ ಬೆದೆಗೆ ಬಾರದಿದ್ದ ಮೇಕೆಗಳೂ ಬೆದೆಗೆ ಬರುತ್ತವೆ ಎಂಬುದು ಆಡು ಸಾಕುವವರ ಅನುಭವ. 2014ರಲ್ಲಿ ಜಪಾನಿನ ವಿಜ್ಞಾನಿಗಳು ಹೋತದ ತಲೆಯ ಕೂದಲಿನಿಂದ ಹೊರಡುವ ವಸ್ತುಗಳನ್ನು ಸೋಸಿ, 4–ಈಥೈಲ್‌ಆಕ್ಟನಾಲ್ ಎಂಬ ಒಂದೇ ರಾಸಾಯನಿಕ ಹೆಣ್ಣು ಮೇಕೆಯ ಹೈಪೋಥಲಾಮಸ್‌ನಲ್ಲಿ ಸಂತಾನದ ಹಾರ್ಮೋನಿನ ಮಿಡಿತವನ್ನು ಚುರುಕುಗೊಳಿಸುತ್ತದೆ ಎಂದು ತೋರಿಸಿದರು. ಗಾಳಿಗೆ ಒಡ್ಡಿಕೊಂಡಾಗ ಅದು ನಮಗೆ ಪರಿಚಿತವಾದ ಹೋತದ ಘಾಟು ವಾಸನೆಯಾಗುತ್ತದೆ.

ಈ ಅಂಗದ ಮೂಲ ಕೆಲಸಗಾರರಾದ ಗ್ರಾಹಕ ಪ್ರೋಟೀನುಗಳು ಸಿಕ್ಕಿದ್ದು ಇತ್ತೀಚೆಗೆ. ಮೂಗಿನ ವಾಸನೆಯ ಗ್ರಾಹಕಗಳನ್ನು 1991ರಲ್ಲಿ ಪತ್ತೆ ಮಾಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರ ನೊಬೆಲ್ ಬಂತು. ಜೇಕಬ್ಸನ್ ಅಂಗದ ಗ್ರಾಹಕಗಳ ಮೊದಲ ಗುಂಪನ್ನು ಕ್ಯಾಥರೀನ್ ಡುಲಾಕ್ ಮತ್ತು ಆಕ್ಸೆಲ್ 1995ರಲ್ಲಿ ಕಂಡುಹಿಡಿದರು. ಮೂಗಿನದಕ್ಕೂ ಇದಕ್ಕೂ ಹೋಲಿಕೆ ಇರಲಿಲ್ಲ. ಸುಂಡಿಲಿಗೆ ಇಂಥ ಗ್ರಾಹಕಗಳ ಜೀನ್‌ಗಳು ಸುಮಾರು ಮುನ್ನೂರು. ವಾಸನೆಗೆ ಹೆಸರಾದ ನಾಯಿಗೆ ಹತ್ತೂ ಇಲ್ಲ. ನಾಯಿಯ ಪ್ರತಿಭೆಯೆಲ್ಲ ಮಾಮೂಲಿ ಮೂಗಿನದು. ಹಕ್ಕಿಗಳಿಗೂ ಮೊಸಳೆಗಳಿಗೂ ಈ ಅಂಗವೇ ಇಲ್ಲ. ಮೀನುಗಳಿಗೆ ಪ್ರತ್ಯೇಕ ಅಂಗವಿಲ್ಲದಿದ್ದರೂ ಅದೇ ಬಗೆಯ ಗ್ರಾಹಕಗಳು ಮೂಗಿನಲ್ಲೇ ಇವೆ. ಅಂದರೆ ಗ್ರಾಹಕಗಳು ಮೊದಲು ಬಂದವು, ಅವಕ್ಕೆ ಬೇರೆ ಮನೆ ಕಟ್ಟಿದ್ದು ಆಮೇಲೆ.

2002ರಲ್ಲಿ ಎರಡು ಪ್ರಯೋಗಾಲಯಗಳು ಸುಂಡಿಲಿಯಲ್ಲಿ ಟಿಆರ್‌ಪಿಸಿ2 ಎಂಬ ಜೀನನ್ನು ಕಿತ್ತುಹಾಕಿದವು. ಜೇಕಬ್ಸನ್ ಅಂಗದ ನರಕೋಶ ಸಂಕೇತ ಕಳಿಸಲು ಅದು ಬೇಕೇ ಬೇಕು. ಆ ಗಂಡು ಇಲಿಗಳು ಬೇರೆ ಗಂಡಿನೊಡನೆ ಕಾದಾಡುವುದನ್ನು ಬಿಟ್ಟವು. ಎದುರಿಗಿರುವುದು ಗಂಡೋ ಹೆಣ್ಣೋ ಎಂಬ ಗೊತ್ತೂ ಇಲ್ಲದೆ ಎರಡನ್ನೂ ಕೂಡಲು ಹೋದವು. ಹಾಗೆಂದು ಮೂಗು ಊಟಕ್ಕೆ, ಜೇಕಬ್ಸನ್ ಅಂಗ ಕಾಮಕ್ಕೆ ಎಂದು ಗೆರೆ ಎಳೆಯಲಾಗದು. ಗಂಡು ಹಂದಿಯ ಜೊಲ್ಲಿನ ಆಂಡ್ರೊಸ್ಟಿನೋನ್ ವಾಸನೆಗೆ ಹೆಣ್ಣು ಹಂದಿ ಕದಲದೆ ನಿಲ್ಲುತ್ತದೆ. ಅದರ ಜೇಕಬ್ಸನ್ ಅಂಗ ಮುಚ್ಚಿದರೂ ಹಾಗೆಯೇ ನಿಲ್ಲುತ್ತದೆ. ಮೊಲದ ಮರಿ ತಾಯಿಯ ಮೊಲೆ ಹುಡುಕುವುದೂ ಮಾಮೂಲಿ ಮೂಗಿನಿಂದಲೇ.

ಇನ್ನು ನಮ್ಮ ವಂಶದ ಮಾತು. ತುಮಕೂರು ಜಿಲ್ಲೆಯ ನಾಗವಲ್ಲಿಯ ಸುತ್ತ ಮರಗಳಲ್ಲಿ ರಾತ್ರಿ ಓಡಾಡುವ, ನಮ್ಮ ದೂರದ ನೆಂಟರಾದ ಕಾಡುಪಾಪಗಳಿಗೆ ಈ ಅಂಗ ಕೆಲಸ ಮಾಡುವ ಸ್ಥಿತಿಯಲ್ಲಿದೆ. ಅವು ಕೈಕಾಲಿಗೆ ಮೂತ್ರ ಹಚ್ಚಿಕೊಂಡು ಕೊಂಬೆಗಳ ಮೇಲೆ ಗುರುತು ಬಿಡುತ್ತವೆ. ಅದೇ ಮರದಲ್ಲಿ ಹಗಲು ಕೂರುವ ಮಂಗಕ್ಕಾಗಲಿ ಮುಸುವಕ್ಕಾಗಲಿ ಆ ಅಂಗ ಇಲ್ಲ. ಸುಮಾರು ಎರಡೂವರೆ ಕೋಟಿ ವರ್ಷಗಳ ಹಿಂದೆ, ಏಷ್ಯಾ–ಆಫ್ರಿಕಾದ ಮಂಗಗಳಿಗೂ ವಾನರರಿಗೂ ಸಮಾನರಾದ ಪೂರ್ವಜರಲ್ಲಿ ಟಿಆರ್‌ಪಿಸಿ2 ಜೀನು ಕೆಟ್ಟುಹೋಯಿತು. ನಮ್ಮ ಪ್ರತಿ ಜೀವಕೋಶದಲ್ಲೂ ಅದರ ಮುರಿದ ಪ್ರತಿ ಇದೆ. ಅದೇ ಕಾಲಕ್ಕೆ ಕೆಂಪು–ಹಸಿರು ಬೇರ್ಪಡಿಸಿ ನೋಡುವ ಕಣ್ಣು ಬಂದು, ಸಂಗಾತಿಯ ಸ್ಥಿತಿ ಬಣ್ಣದಿಂದಲೇ ತಿಳಿಯುವಂತಾಗಿ, ವಾಸನೆಯ ಅಂಗ ಬೇಡವಾಯಿತು ಎಂದು ಕೆಲವರ ವಾದ. ಆಕರ್ಷಕ ವಾದ, ಇನ್ನೂ ಸಾಬೀತಾಗಿಲ್ಲ.

ಕೆಲವು ವಯಸ್ಕರ ಮೂಗಿನಲ್ಲಿ ಆ ಕುಳಿ ಈಗಲೂ ಕಾಣಸಿಗುತ್ತದೆ. ಆದರೆ ಅದರಿಂದ ಮಿದುಳಿಗೆ ನರವಿಲ್ಲ, ಸಂಕೇತ ಸ್ವೀಕರಿಸುವ ಮಿದುಳಿನ ಭಾಗವೂ ಇಲ್ಲ. ಹೀಗಿದ್ದೂ ಇಂಥ ವಾಸನೆ–ಸಂದೇಶದ ರಾಸಾಯನಿಕ ತುಂಬಿದೆ ಎಂದು ಹೇಳಿಕೊಳ್ಳುವ ‘ಫೆರೊಮೋನ್ ಸೆಂಟು’ ಎಂಬ ಬಾಟಲಿಗಳು ಆನ್‌ಲೈನ್‌ನಲ್ಲಿ ಮಾರಾಟವಾಗುತ್ತಿವೆ. ಹಚ್ಚಿಕೊಂಡರೆ ಹೆಣ್ಣೋ ಗಂಡೋ ಮರುಳಾಗಿ ಬರುತ್ತಾರಂತೆ. ಮನುಷ್ಯರಲ್ಲಿ ಹಾಗೆ ಕೆಲಸ ಮಾಡುವ ಒಂದೇ ಒಂದು ರಾಸಾಯನಿಕವೂ ಇದುವರೆಗೆ ಖಚಿತವಾಗಿ ಸಾಬೀತಾಗಿಲ್ಲ. ಹರೆಯದವರ ಸಂಕೋಚವನ್ನೇ ಬಂಡವಾಳ ಮಾಡಿಕೊಂಡ ಈ ವ್ಯಾಪಾರ ಮೋಸ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ಕಳೆದುಹೋದ ಆ ಅಂಗದ ನಿಜವಾದ ಮಹತ್ವ ಇರುವುದು ಬೇರೆ ಕಡೆ, ತಾಯಿಯ ಗರ್ಭದಲ್ಲಿ. ಭ್ರೂಣಕ್ಕೆ ಆರು ವಾರ ಆಗುವ ಹೊತ್ತಿಗೆ ಮೂಗು ಮೂಡುವ ಜಾಗದಲ್ಲಿ, ಜೇಕಬ್ಸನ್ ಅಂಗದ ಆಸುಪಾಸಿನಲ್ಲೇ, ಕೆಲವೇ ಸಾವಿರ ವಿಶೇಷ ನರಕೋಶಗಳು ಹುಟ್ಟುತ್ತವೆ. ಅವು ಮೂಗಿನಿಂದ ಮಿದುಳಿಗೆ ಹೋಗುವ ನರದ ಎಳೆಗಳನ್ನು ಹಿಡಿದು ತೆವಳುತ್ತ ಹೈಪೋಥಲಾಮಸ್ ಸೇರುತ್ತವೆ. ಹನ್ನೆರಡು, ಹದಿಮೂರು ವರ್ಷಗಳ ಬಳಿಕ ಆ ಮಗುವನ್ನು ಪ್ರಾಯಕ್ಕೆ ತರುವ ಹಾರ್ಮೋನು ಸುರಿಸುವುದು ಇವೇ. ಈ ಪಯಣವನ್ನು 1989ರಲ್ಲಿ ಮೊದಲು ಸುಂಡಿಲಿಗಳಲ್ಲಿ ಗುರುತಿಸಿದರು. ವಾಸನೆಯ ಅಂಗವೂ ಸಂತಾನಶಕ್ತಿಯೂ ಒಂದೇ ತೊಟ್ಟಿಲಿನಿಂದ ಹೊರಟವು ಎಂಬುದು ಅಂದು ತಿಳಿಯಿತು.

ನರದ ದಾರಿ ಸರಿಯಾಗಿ ಬೆಳೆಯದಿದ್ದರೆ ಆ ಕೋಶಗಳು ನಡುವೆಯೇ ಉಳಿಯುತ್ತವೆ. ಅಂಥ ಮಗುವಿಗೆ ಹುಟ್ಟಿನಿಂದ ವಾಸನೆ ತಿಳಿಯುವುದಿಲ್ಲ, ವಯಸ್ಸಾದರೂ ಪ್ರಾಯದ ಲಕ್ಷಣ ಕಾಣುವುದಿಲ್ಲ. 1856ರಲ್ಲೇ ಸ್ಪೇನಿನ ವೈದ್ಯನೊಬ್ಬ ಇಂಥ ಒಬ್ಬನ ಶವಪರೀಕ್ಷೆಯ ವರದಿ ಬರೆದಿದ್ದ. 1944ರಲ್ಲಿ ಇದು ವಂಶದಲ್ಲಿ ಹರಿಯುತ್ತದೆಂದು ತೋರಿಸಿದ ಫ್ರಾಂಜ್ ಕಾಲ್‌ಮನ್ ಹೆಸರಿನಲ್ಲಿ ಇದು ಕಾಲ್‌ಮನ್ ಸಿಂಡ್ರೋಮ್ ಎನಿಸಿದೆ. ಗಂಡುಮಕ್ಕಳಲ್ಲಿ ಹೆಚ್ಚು. ಅಪರೂಪದ ಸಮಸ್ಯೆ, ನಿಜ. ಆದರೆ ಚಿಕಿತ್ಸೆ ಇದೆ: ಹಾರ್ಮೋನು ಕೊಟ್ಟರೆ ದೇಹ ಪ್ರಾಯಕ್ಕೆ ಬರುತ್ತದೆ, ಮೂಳೆ ಗಟ್ಟಿಯಾಗುತ್ತದೆ, ಮುಂದೆ ಮಕ್ಕಳಾಗುವುದಕ್ಕೂ ಬೇರೆ ಚುಚ್ಚುಮದ್ದುಗಳಿವೆ. ವಾಸನೆ ಮಾತ್ರ ಮರಳುವುದಿಲ್ಲ. ತಡವಾದಷ್ಟೂ ಮೂಳೆ ಸವೆಯುತ್ತದೆ, ಓರಗೆಯವರ ನಡುವೆ ಆ ಹುಡುಗನ ಮನಸ್ಸೂ ಸವೆಯುತ್ತದೆ.

ಹಾಗಾಗಿ ತಂದೆತಾಯಿಗಳಲ್ಲಿ, ಶಿಕ್ಷಕರಲ್ಲಿ ಒಂದು ವಿನಂತಿ. 14 ತುಂಬಿದ ಹುಡುಗನಲ್ಲಿ, 13 ತುಂಬಿದ ಹುಡುಗಿಯಲ್ಲಿ ಪ್ರಾಯದ ಯಾವ ಲಕ್ಷಣವೂ ಕಾಣದಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ, ತಾನಾಗಿ ಬರುತ್ತದೆ ಎಂದು ವರ್ಷಗಟ್ಟಲೆ ಕಾಯಬೇಡಿ. ಹೆಚ್ಚಿನ ಮಕ್ಕಳಲ್ಲಿ ಅದು ಬರಿಯ ನಿಧಾನವೇ ಆಗಿರುತ್ತದೆ. ಪರೀಕ್ಷೆ ಮಾಡಿಸಿದರೆ ಆ ಸಮಾಧಾನವಾದರೂ ಸಿಗುತ್ತದೆ. ಮಗುವಿಗೆ ಕಾಫಿಪುಡಿ, ಮಲ್ಲಿಗೆ, ಒಗ್ಗರಣೆಯ ವಾಸನೆ ತಿಳಿಯುತ್ತದೆಯೇ ಎಂದು ಕಣ್ಣು ಮುಚ್ಚಿಸಿ ಕೇಳಿ ನೋಡಿ. ಹುಟ್ಟಿನಿಂದ ವಾಸನೆ ಇಲ್ಲದ ಮಗು ತನಗೆ ಏನು ಇಲ್ಲ ಎಂಬುದನ್ನೇ ಅರಿಯದು, ತಾನಾಗಿ ಹೇಳದು. ವಾಸನೆ ತಿಳಿಯುವುದಿಲ್ಲ ಎಂದಾದರೆ ಹಾರ್ಮೋನು ತಜ್ಞರ ಬಳಿ ಹೋದಾಗ ಆ ಮಾತನ್ನು ಮರೆಯದೆ ಹೇಳಿ.